ಸಿಆರ್‌ಓ ಹಿಂದಿನ ಝಡ್ ಇನ್‌ಪುಟ್‌ಗೆ 3.3 ವೋಲ್ಟ್ ಸಾಲವಲ್ದು, ಏನ್ ಮಾಡ್ಲಿ?

ಕೊಥ್ರೂಡ್ ಕನ್ನಡಿಗ:
ನಮಸ್ಕಾರ್ರೀ. ಇಲ್ಲೇ ಪುಣೆದಾಗ ಹಳೇ 20 ಮೆಗಾಹರ್ಟ್ಸ್ ಸಿಆರ್‌ಓ (ಟ್ಯೂಬ್ ಪರದೆ ಇರೋ ಆಸಿಲೋಸ್ಕೋಪ್) ಒಂದು ಸಿಕ್ತು, ಇಎಸ್‌ಪಿ32 ಮೈಕ್ರೋಕಂಟ್ರೋಲರ್ ಬೋರ್ಡಿನ ಎರಡೂ ಡಿಎಸಿ (ಅಂಕಿನ ವೋಲ್ಟೇಜ್ ಮಾಡೋ ಔಟ್‌ಪುಟ್) ಹಚ್ಚಿ, ಒಂದು ಅಡ್ಡ ಇನ್ನೊಂದು ಉದ್ದ ಬೀಮ್ ಸರಿಸೋ ಎಕ್ಸ್‌ವೈ ಮೋಡ್‌ನ್ಯಾಗ ಗಡಿಯಾರ ಬರಸಾಕತ್ತೀನಿ. ಮುಳ್ಳು, ಅಂಕಿ ಎಲ್ಲಾ ಚಲೋ ಬರ್ತಾವ, ಆದ್ರ ಒಂದು ಅಂಕಿಯಿಂದ ಇನ್ನೊಂದಕ್ಕ ಜಿಗಿಯೋವಾಗ ಬೀಮ್ ಗೆರಿ ಎಳಕೋತನ ಹೋಗ್ತದ, ಜೇಡರ ಬಲಿ ಆಗೇದ. ಹಿಂದ ಬೀಮ್‌ನ ಬೆಳಕು ಹೆಚ್ಚು ಕಡಿಮಿ ಮಾಡೋ ಝಡ್ ಇನ್‌ಪುಟ್ ಅದ, ಅದಕ್ಕ ಇಎಸ್‌ಪಿ32ನ 3.3 ವೋಲ್ಟ್ ಪಿನ್ ನೇರ ಕೊಟ್ಟೆ, ಇಂಟೆನ್ಸಿಟಿ ಪೂರ್ತಿ ಇಳಿಸಿದ್ರಷ್ಟ ಸ್ವಲ್ಪ ಫರಕ್ ಕಾಣ್ತದ.

ಲ್ಯಾಮಿಂಗ್ಟನ್ ರೋಡ್:
3.3ಕ್ಕೆಲ್ಲ ಅದು ಬಗ್ಗುದಿಲ್ಲ ಮಾರಾಯ್ರೆ. ಟಿಟಿಎಲ್ (5 ವೋಲ್ಟ್ ಲಾಜಿಕ್) ಲೆವೆಲ್‌ಗೇ ಬೀಮ್ ಆರುವ ಸ್ಕೋಪ್ ಉಂಟು, ಆದ್ರೆ ಹಳೇದ್ರಲ್ಲಿ 5 ವೋಲ್ಟ್ ಅಂತ ಬರ್ದಿದ್ರೆ ಬರೀ ಬದಲಾವಣೆ ಕಾಣ್ತದೆ ಅಂತ ಅರ್ಥ, ಪೂರ್ತಿ ಕತ್ತಲೆಗೆ ಇನ್ನೂ ಬೇಕು. ನಡುವೆ 7406 ಅನ್ನುವ ಲಾಜಿಕ್ ಐಸಿ ಹಾಕಿ. ಓಪನ್ ಕಲೆಕ್ಟರ್ ಅದು, ಅಂದ್ರೆ ಔಟ್‌ಪುಟ್ ಕೆಳಗೆ ಮಾತ್ರ ಎಳೀತದೆ, ಮೇಲೆ ಎತ್ತಲಿಕ್ಕೆ ಹೊರಗಿನ ರೆಸಿಸ್ಟರ್ ಬೇಕು; ಔಟ್‌ಪುಟ್ 30 ವೋಲ್ಟ್ ತಡ್ಕೊಳ್ತದೆ, ಇನ್‌ಪುಟ್‌ಗೆ 2 ವೋಲ್ಟ್ ದಾಟಿದ್ರೆ ಹೈ, ಹಾಗಾಗಿ ನಿಮ್ಮ 3.3 ಸಾಕು. ಐಸಿಗೆ 5 ವೋಲ್ಟ್, ಔಟ್‌ಪುಟ್‌ನಿಂದ 15 ವೋಲ್ಟ್‌ಗೆ 1 ಕೆ (1000 ಓಮ್) ಪುಲ್‌ಅಪ್ ರೆಸಿಸ್ಟರ್, ಸಾಕೆಟ್‌ನ ಮ್ಯಾಕ್ಸಿಮಮ್ ಎಷ್ಟು ಅಂತ ಮ್ಯಾನ್ಯುಯಲ್ ನೋಡಿಯೇ ಕೊಡಿ. ಅದು ಸಿಗ್ನಲ್ ಉಲ್ಟಾ ಮಾಡುವ ಇನ್ವರ್ಟರ್, ಇಎಸ್‌ಪಿ32ನ ಪಿನ್ ಲೋ ಆದ್ರೆ 15 ವೋಲ್ಟ್ ಹೋಗ್ತದೆ, ಹೆಚ್ಚಿನ ಸ್ಕೋಪಲ್ಲಿ ಪಾಸಿಟಿವ್ ಅಂದ್ರೆ ಕತ್ತಲೆ. ಕೇಬಲ್ ಗಿಡ್ಡ ಇರ್ಲಿ, ಆರ್‌ಜಿ58 ಕೋಆಕ್ಸ್ ಕೇಬಲ್‌ನ ಕೆಪಾಸಿಟನ್ಸ್ ಮೀಟರ್‌ಗೆ ಸುಮಾರು 100 ಪಿಕೋಫ್ಯಾರಡ್, 1 ಕೆ ಜೊತೆ ಸೇರಿದ್ರೆ ರೈಸ್ ಟೈಮ್ (ವೋಲ್ಟೇಜ್ ಏರುವ ಸಮಯ) 220 ನ್ಯಾನೋಸೆಕೆಂಡ್ ಆಯ್ತು. ಗಡಿಯಾರಕ್ಕೆ ತೊಂದ್ರೆ ಇಲ್ಲ.

ಹಳೇ ಟ್ಯೂಬ್:
ಅದಕ್ಕೂ ಮುಂಚೆ ಸರ್ಕ್ಯೂಟ್ ಡಯಾಗ್ರಾಮ್ ನೋಡಿ ಸರ್, ದಯವಿಟ್ಟು. ಕೆಲವು ಹಳೇ ಸ್ಕೋಪಲ್ಲಿ ಆ ಸಾಕೆಟ್ಟು ಒಂದೇ ಒಂದು ಕೆಪಾಸಿಟರ್ ಮೂಲಕ ಟ್ಯೂಬಿನ ಗ್ರಿಡ್‌ಗೋ ಕ್ಯಾಥೋಡ್‌ಗೋ ಹೋಗಿರುತ್ತೆ, ಅಲ್ಲಿರೋದು ಸಾವಿರ ವೋಲ್ಟ್‌ಗೂ ಮೇಲೆ ನೆಗೆಟಿವ್, ಕೆಪಾಸಿಟರ್ ಲೀಕ್ ಆಗಿದ್ರೆ ಬೋರ್ಡ್ ಹೋಗೋದಿರ್ಲಿ ಕೈಗೇ ಹೊಡೆಯುತ್ತೆ. ಇನ್ನೊಂದು, ಕೆಪಾಸಿಟರ್ ದಾರಿ ಆದ್ರೆ ಡಿಸಿ ನಿಲ್ಲಲ್ಲ, ತುಂಬಾ ಹೊತ್ತು ಬೀಮ್ ಆರಿಸಿ ಹಿಡಿದ್ರೆ ಬೀಮ್ ತಾನಾಗೇ ವಾಪಸ್ ಬೆಳಗುತ್ತೆ. ಪ್ರೋಗ್ರಾಮ್ ಹ್ಯಾಂಗ್ ಆಗಿ ಚುಕ್ಕೆ ಒಂದೇ ಕಡೆ ನಿಂತ್ರೆ ಪರದೆ ಮೇಲಿನ ಹೊಳೆಯೋ ಲೇಪ (ಫಾಸ್ಫರ್) ಸುಟ್ಟೇ ಹೋಗುತ್ತೆ, ಇಂಟೆನ್ಸಿಟಿ ಕಮ್ಮಿ ಇಡಿ.

ಕೊಥ್ರೂಡ್ ಕನ್ನಡಿಗ:
ಡಯಾಗ್ರಾಮ್ ಸಿಕ್ತು, ನಂದ್ರಾಗ ನಡುವ ಝಡ್ ಆಂಪ್ಲಿಫೈಯರ್ ಅದ, ಹೈ ವೋಲ್ಟೇಜ್ ಸಾಕೆಟ್ ತನಕಾ ಬರಂಗಿಲ್ಲ. ಬುಧವಾರ್ ಪೇಠದ ತಪಕೀರ್ ಗಲ್ಲಿದಾಗ 7406 ತಂದು ಹಚ್ಚಿದೆ, ಬಲಿ ಪೂರಾ ಹೋತು! ಪ್ರತಿ ಗೆರಿ ಸುರುವಿಗೆ ಸಣ್ಣ ಬಾಲ ಉಳದಿತ್ತು, ಡಿಎಸಿ ಜಾಗಾಕ್ಕ ಬಂದು ನಿಲ್ಲೋದ್ರಾಗನ ಬೀಮ್ ಹಚ್ಚಾಕತ್ತಿದ್ದೆ, ಪಿನ್ ಹೈ ಮಾಡೂಕಿಂತ ಮೊದಲ ಒಂದಷ್ಟು ಮೈಕ್ರೋಸೆಕೆಂಡ್ ತಡದ್ರ ಅದೂ ಹೋತ್ರೀ.