ಗರಿ ಉದುರಿಸಿದ ಮೇಲೆ ಕೋಳಿ ಮೊಟ್ಟೆ ನಿಲ್ಲಿಸಿದೆ, ನಿಮ್ಮಲ್ಲೂ ಹೀಗಾಗಿತ್ತಾ?

ಕೊಡಗಿನ ಮೂರ್ನಾಡು ಕಡೆಯಿಂದ ಪ್ರಶ್ನೆ:
ಹಿತ್ತಲಲ್ಲಿ ಒಂಬತ್ತು ಹೇಂಟೆ, ಒಂದು ಹುಂಜ ಇವೆ. ಐದು ಗಿರಿರಾಜ, ಉಳಿದದ್ದು ನಾಟಿ. ಎಲ್ಲಕ್ಕೂ ಹೆಚ್ಚು ಕಡಿಮೆ ಒಂದೂವರೆ ವರ್ಷ. ಸೆಪ್ಟೆಂಬರ್ ಶುರುವಿನ ಕೈಲ್ ಮುಹೂರ್ತ ಹಬ್ಬದ ತನಕ ದಿನಕ್ಕೆ ನಾಲ್ಕೈದು ಮೊಟ್ಟೆ ಸಿಗುತ್ತಿತ್ತು. ಆಮೇಲೆ ಗರಿ ಉದುರಲು ಶುರು. ಗುಡಿಸಿದಷ್ಟೂ ಗರಿ, ಕೆಲವಕ್ಕೆ ಕತ್ತೇ ಬೋಳು. ಈಗ ನವೆಂಬರ್-ಡಿಸೆಂಬರ್‌ನ ಸುಗ್ಗಿ ಹಬ್ಬ ಪುತ್ತರಿ ಹತ್ತಿರ ಬಂತು, ಹೊಸ ಗರಿ ಬಂದಿದೆ, ಆದರೆ ಗೂಡಿನಲ್ಲಿ ಒಂದು ಮೊಟ್ಟೆಯೂ ಇಲ್ಲ. ನುಚ್ಚು ಮತ್ತು ಉಳಿದ ಅನ್ನ ಹಾಕುತ್ತೇನೆ. ಅತ್ತೆ ಸಾರಿಗೆ ಹಾಕೋಣ ಅನ್ನುತ್ತಿದ್ದಾರೆ. ಏನು ಮಾಡಲಿ?

ಗೋಣಿಕೊಪ್ಪದಿಂದ:
ಅಕ್ಕಾ, ಸಾರಿನ ಪಾತ್ರೆ ಸ್ವಲ್ಪ ಪಕ್ಕಕ್ಕಿಡಿ. ಇದು ರೋಗ ಅಲ್ಲ, ವರ್ಷಕ್ಕೊಂದು ಸಲ ಆಗುವ ಗರಿ ಬದಲಾವಣೆ. ನಿಮ್ಮ ಕೋಳಿಗಳ ವಯಸ್ಸಿಗೆ ಇದು ಮೊದಲನೇ ಸಲ ಇರಬೇಕು. ತಲೆ, ಕತ್ತಿನಿಂದ ಶುರುವಾಗಿ ಕೊನೆಗೆ ಬಾಲ ಮುಟ್ಟುತ್ತದೆ. ಎಲ್ಲ ಮುಗಿಯಲು ಎರಡರಿಂದ ನಾಲ್ಕು ತಿಂಗಳು ಹಿಡಿಯುತ್ತದೆ. ಆ ಹೊತ್ತಿನಲ್ಲಿ ಹೊಟ್ಟೆಯೊಳಗಿನ ಮೊಟ್ಟೆಚೀಲವೂ ಕುಗ್ಗಿ ವಿಶ್ರಾಂತಿ ತೆಗೆದುಕೊಳ್ಳುತ್ತದೆ.

ನಾನು ಎರಡು ವರ್ಷ ಮಾಡಿದ ತಪ್ಪನ್ನೇ ನೀವೂ ಮಾಡುತ್ತಿದ್ದೀರಿ, ಅದು ನುಚ್ಚು. ಗರಿಯಲ್ಲಿ ನೂರಕ್ಕೆ 85 ಪಾಲು ಪ್ರೋಟೀನ್. ಮೊಟ್ಟೆಗೂ ಅದೇ ಬೇಕು. ನುಚ್ಚಿನಲ್ಲಿ ಇರುವುದು ಏಳೆಂಟು ಪಾಲು ಮಾತ್ರ. ಅದರಲ್ಲಿ ಮೊದಲು ಗರಿ ಹೊಲಿದುಕೊಳ್ಳುತ್ತವೆ, ಮೊಟ್ಟೆಗೆ ಏನೂ ಉಳಿಯುವುದಿಲ್ಲ. ಹೊರಗಿನಿಂದ ಗರಿ ತುಂಬಿದಂತೆ ಕಂಡರೂ ರೆಕ್ಕೆ ಬಿಡಿಸಿ ನೋಡಿ. ಬುಡದಲ್ಲಿ ಇನ್ನೂ ಕೊಳವೆಯಂಥ ಎಳೆ ಗರಿ ಇದ್ದರೆ ಕೆಲಸ ಮುಗಿದಿಲ್ಲ ಅಂತಲೇ ಅರ್ಥ. ಅವನ್ನು ಒತ್ತಬೇಡಿ, ಒಳಗೆ ರಕ್ತ ಇರುತ್ತದೆ, ಕೋಳಿಗೆ ನೋವು.

ನಾನು ಈಗ ನುಚ್ಚು ಅರ್ಧ ಮಾಡಿ, ಕಡಲೆಕಾಯಿ ಹಿಂಡಿ ಒಂದು ಹಿಡಿ, ಒಣ ಮೀನಿನ ತಲೆ ಪುಡಿ ಸ್ವಲ್ಪ ಸೇರಿಸುತ್ತೇನೆ. ಉಪ್ಪು ಹಾಕಿದ ಮೀನಾದರೆ ಚೆನ್ನಾಗಿ ತೊಳೆದು ಮತ್ತೆ ಒಣಗಿಸಿ, ಉಪ್ಪು ಹೆಚ್ಚಾದರೆ ಕೋಳಿಗೆ ವಿಷ ಇದ್ದಂತೆ. ಹಿಂಡಿ ವಿಷಯದಲ್ಲಿ ಒಂದು ಎಚ್ಚರ. ನಮ್ಮ ಮಳೆಗಾಲದ ತೇವಕ್ಕೆ ಅದು ಬೇಗ ಬೂಸಲು ಹಿಡಿಯುತ್ತದೆ. ಬೂಸಲಿನಿಂದ ಬರುವ ವಿಷ ಕೋಳಿಯ ಲಿವರ್ ಹಾಳು ಮಾಡುತ್ತದೆ. ಒಂದು ಜುಲೈನಲ್ಲಿ ನಾನು "ಸ್ವಲ್ಪ ತಾನೆ" ಅಂತ ಹಾಕಿ ಎರಡು ಹೇಂಟೆ ಕಳೆದುಕೊಂಡೆ. ವಾಸನೆ ಬಂದರೆ ಎಸೆಯಿರಿ. ತೋಟದಲ್ಲಿ ಗೆದ್ದಲು ಹಿಡಿದ ಕಟ್ಟಿಗೆ ಇದ್ದರೆ ಒಡೆದು ಮುಂದಿಡಿ, ಪುಕ್ಕಟೆ ಊಟ.

ಸೋಮವಾರಪೇಟೆಯಿಂದ:
ಆಹಾರ ಸರಿ. ಆದರೆ ಮೊಟ್ಟೆ ಇಡುತ್ತಿಲ್ಲವೋ, ನಿಮಗೆ ಸಿಗುತ್ತಿಲ್ಲವೋ, ಅದನ್ನು ಮೊದಲು ನೋಡಿ. ರಾತ್ರಿ ಗೂಡಿನಲ್ಲಿ ಕೂತಾಗ ಹಿಡಿದು, ಮೊಟ್ಟೆ ಇಡುವ ಜಾಗದ ಎರಡೂ ಬದಿಯ ಚೂಪು ಮೂಳೆಗಳ ನಡುವೆ ಬೆರಳಿಡಿ. ಒಂದೇ ಬೆರಳು ಹಿಡಿದರೆ ಇಡುತ್ತಿಲ್ಲ. ಎರಡು ಮೂರು ಬೆರಳು ಹಿಡಿದರೆ ಇಡುತ್ತಿದೆ, ಇಲ್ಲವೇ ಸದ್ಯದಲ್ಲೇ ಶುರು ಮಾಡುತ್ತದೆ. ಜುಟ್ಟೂ ಹೇಳುತ್ತದೆ. ಮುದುಡಿ ಬಿಳಿಚಿದ್ದರೆ ರಜೆ, ಕೆಂಪಾಗಿ ಹಿಗ್ಗಿದ್ದರೆ ಕೆಲಸ ಶುರು.

ನಮ್ಮದೊಂದು ನಾಟಿ ಕೋಳಿ ನಿಂತೇಹೋಯಿತು ಅಂದುಕೊಂಡಿದ್ದೆವು. ಕಾಫಿ ಕುಯ್ಯಲು ಬಂದವರು ಗಿಡದ ಬುಡದ ತರಗಿನಲ್ಲಿ ಹದಿನಾಲ್ಕು ಮೊಟ್ಟೆ ತೋರಿಸಿದರು! ಹೀಗೆ ಸಿಕ್ಕಿದ್ದನ್ನು ನೀರಿಗೆ ಹಾಕಿ. ಮುಳುಗಿದರೆ ಅಡುಗೆಗೆ, ತೇಲಿದರೆ ಗೊಬ್ಬರಕ್ಕೆ.

ಕುಶಾಲನಗರದಿಂದ:
ಬೆಳಕು ಮರೆತಿರಾ? ಚೆನ್ನಾಗಿ ಮೊಟ್ಟೆ ಇಡಲು ದಿನಕ್ಕೆ 14ರಿಂದ 16 ಗಂಟೆ ಬೆಳಕು ಬೇಕು. ನಮ್ಮಲ್ಲಿ ಹಗಲು ಜೂನ್‌ನಲ್ಲೇ 12 ಗಂಟೆ 50 ನಿಮಿಷ, ಡಿಸೆಂಬರ್‌ನಲ್ಲಿ 11 ಗಂಟೆ 25 ನಿಮಿಷದಷ್ಟು. ನಾನು ಬೆಳಗಿನ ಜಾವ ನಾಲ್ಕಕ್ಕೆ ಒಂದು ಸಣ್ಣ ಬಲ್ಬ್ ಹಾಕುತ್ತೇನೆ. ಸಂಜೆ ಬೇಡ, ಫಕ್ಕನೆ ಆರಿದರೆ ಕೋಳಿಗಳು ಕತ್ತಲಲ್ಲಿ ಕೂರಲು ಜಾಗ ಸಿಗದೆ ಒದ್ದಾಡುತ್ತವೆ.

ನಾಪೋಕ್ಲಿನಿಂದ:
ಕುಶಾಲನಗರದ ಅಣ್ಣಾ, ನಿಮ್ಮಲ್ಲಿ ಕರೆಂಟ್ ಇರುತ್ತದೆ! ನಮ್ಮಲ್ಲಿ ಒಂದು ಕೊಂಬೆ ಬಿದ್ದರೆ ಮೂರು ದಿನ ಕತ್ತಲೆ. ಒಂದು ದಿನ ಬೆಳಕು, ಒಂದು ದಿನ ಇಲ್ಲ ಅಂದರೆ ಕೋಳಿಗೆ ಇನ್ನೂ ಗೊಂದಲ. ಅದೂ ಅಲ್ಲದೆ ಗರಿ ಪೂರ್ತಿ ಬರುವ ಮೊದಲೇ ಬಲ್ಬ್ ಹಾಕಿ ಎಳೆದಾಡುವುದು ನನಗೆ ಹಿಡಿಸುವುದಿಲ್ಲ. ವರ್ಷವಿಡೀ ಕೊಟ್ಟ ಜೀವ, ಎರಡು ತಿಂಗಳು ಸುಮ್ನೆ ಇರಲಿ ಬಿಡಿ.

ರಾತ್ರಿ ಟಾರ್ಚ್ ಹಿಡಿದು ಗೂಡಿನ ಹಲಗೆ ಸಂದು ನೋಡಿ. ಕೆಂಪು ನುಸಿ ಹಗಲು ಅಲ್ಲಿ ಅಡಗಿದ್ದು ರಾತ್ರಿ ರಕ್ತ ಹೀರುತ್ತದೆ, ಮೊಟ್ಟೆ ಬಾರದಿರಲು ಅದೂ ಕಾರಣ. ಗೂಡು ಖಾಲಿ ಮಾಡಿ ಬಿಸಿನೀರು ಸುರಿದು ಒಣಗಿಸಿ. ಒಲೆ ಬೂದಿ ಒಂದು ಮೂಲೆಯಲ್ಲಿ ರಾಶಿ ಹಾಕಿದರೆ ಅವೇ ಹೊರಳಾಡುತ್ತವೆ. ಹಸಿರು ಭೇದಿ, ಕತ್ತು ತಿರುಚುವುದು, ಬಾಯಿ ತೆರೆದು ಉಸಿರಾಡುವುದು ಕಂಡರೆ ಮಾತ್ರ ಮನೆಮದ್ದು ಬಿಟ್ಟು ಪಶುವೈದ್ಯರ ಹತ್ತಿರ ಓಡಿ.

ಗೋಣಿಕೊಪ್ಪದಿಂದ ಮತ್ತೆ:
ಒಂದು ಮಾತು ಬಿಟ್ಟುಹೋಯಿತು. ಸಾರಿಗೆ ಆರಿಸಲೇಬೇಕು ಅಂದರೆ ಬೋಳಾದದ್ದನ್ನು ಆರಿಸಬೇಡಿ. ತಡವಾಗಿ ಶುರು ಮಾಡಿ, ಒಟ್ಟಿಗೇ ಬೋಳಾಗಿ, ಬೇಗ ಮುಗಿಸುವ ಕೋಳಿಯೇ ಸಾಮಾನ್ಯವಾಗಿ ಜಾಸ್ತಿ ಮೊಟ್ಟೆ ಇಡುವಂಥದ್ದು. ಎಲ್ಲಕ್ಕಿಂತ ಮೊದಲು ಶುರು ಮಾಡಿ ತಿಂಗಳುಗಟ್ಟಲೆ ಒಂದೊಂದೇ ಗರಿ ಬಿಡುವುದು ಸೋಮಾರಿ. ಮತ್ತೆ ಶುರುವಾದಾಗ ಮೊಟ್ಟೆ ಸ್ವಲ್ಪ ದೊಡ್ಡದು, ಲೆಕ್ಕದಲ್ಲಿ ಮೊದಲಿಗಿಂತ ಕಡಿಮೆ. ಜುಟ್ಟು ಕೆಂಪಾದ ಮೇಲೆ ಮೊಟ್ಟೆ ಸಿಪ್ಪೆ ಒಣಗಿಸಿ ಪುಡಿ ಮಾಡಿ ಬೇರೆ ಬಟ್ಟಲಲ್ಲಿಡಿ, ಬೇಕಾದವು ತಿನ್ನುತ್ತವೆ.

ಮೂರ್ನಾಡಿನಿಂದ, ಹತ್ತು ದಿನದ ನಂತರ:
ಎಲ್ಲರಿಗೂ ಥ್ಯಾಂಕ್ಸ್. ರಾತ್ರಿ ಹಿಡಿದು ನೋಡಿದೆ. ಗಿರಿರಾಜ ಐದಕ್ಕೂ ಒಂದೇ ಬೆರಳು, ಜುಟ್ಟು ಇನ್ನೂ ಬಿಳಿಚಿದೆ, ಹಿಂಡಿ ಶುರು ಮಾಡಿದ್ದೇನೆ. ನಾಟಿಯಲ್ಲಿ ಎರಡಕ್ಕೆ ಮಾತ್ರ ಮೂರು ಬೆರಳು! ಮಾರನೇ ದಿನ ಅವುಗಳ ಹಿಂದೆಯೇ ಹೋದೆ. ಕಟ್ಟಿಗೆ ರಾಶಿಯ ಹಿಂದೆ ಹನ್ನೊಂದು ಮೊಟ್ಟೆ. ಒಂದು ತೇಲಿತು, ಹತ್ತು ಮುಳುಗಿದವು. ಅತ್ತೆ ಹೇಂಟೆಗಳ ವಿಷಯ ಬಿಟ್ಟಿದ್ದಾರೆ, ಈಗ ಹುಂಜದ ಮೇಲೆ ಕಣ್ಣು.