'ವಾರ್ಮ್ ಬೂಟ್'ಗೆ 'ಮರುಚಾಲನೆ' ಅಂದ್ರೆ ಸರಿಹೋಗುತ್ತಾ?

ಗೆಳೆಯರೇ, ಒಂದು ಪದದ ವಿಷಯದಲ್ಲಿ ನಿಮ್ಮ ಸಲಹೆ ಬೇಕು.

ಆಮ್‌ಸ್ಟ್ರಾಡ್ ಸಿಪಿಸಿ 6128 ಅಂತ 1985ರ ಹೋಮ್ ಕಂಪ್ಯೂಟರ್ ಒಂದಿದೆ. ಆನ್ ಮಾಡಿದರೆ ಅದು ನೇರ ಬೇಸಿಕ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಯಲ್ಲೇ ಏಳುತ್ತದೆ, ನೀಲಿ ಪರದೆ ಮೇಲೆ ಹಳದಿ ಅಕ್ಷರ. ಅದರಲ್ಲಿ ಬೇಸಿಕ್ ಬಿಟ್ಟು ಸಿಪಿ/ಎಂ 2.2 ಅನ್ನೋ ಆಪರೇಟಿಂಗ್ ಸಿಸ್ಟಂ ಬಳಸಲು ಶುರು ಮಾಡುವವರಿಗೆ ಕನ್ನಡದಲ್ಲಿ ಚಿಕ್ಕದೊಂದು ಕೈಪಿಡಿ ಬರೆಯುತ್ತಿದ್ದೇನೆ. ಮೊದಲ ಹೆಜ್ಜೆ ಸುಲಭ. ಸಿಸ್ಟಂ ಡಿಸ್ಕ್ ಹಾಕಿ, ಶಿಫ್ಟ್ ಹಿಡಿದು ಅಟ್ ಗುರುತಿನ ಕೀ ಒತ್ತಿದರೆ ಒಂದು ನಿಂತ ಗೀಟು ಬರುತ್ತದೆ. ಅದರ ಮುಂದೆ ಸಿಪಿಎಂ ಅಂತ ಟೈಪ್ ಮಾಡಿ ಎಂಟರ್ ಒತ್ತಿದರೆ ಆಯ್ತು. ಇದು ಕೋಲ್ಡ್ ಬೂಟ್. ಇದಕ್ಕೆ 'ಶುರು ಮಾಡು' ಅಂತ ಬರೆದಿದ್ದೇನೆ, ತಕರಾರಿಲ್ಲ.

ತಲೆನೋವು ವಾರ್ಮ್ ಬೂಟ್‌ನದು, ಅಂದರೆ ಮೆಷಿನ್ ಆಫ್ ಮಾಡದೇ ಸಿಪಿ/ಎಂ ಅನ್ನು ಮತ್ತೆ ಸಿದ್ಧ ಮಾಡಿಕೊಳ್ಳುವುದು. ಡ್ರೈವ್‌ನಲ್ಲಿ ಡಿಸ್ಕ್ ಬದಲಾಯಿಸಿದಾಗಲೆಲ್ಲ, ಸಾಲಿನ ಮೊದಲಲ್ಲೇ ಕಂಟ್ರೋಲ್ ಹಿಡಿದು ಸಿ ಒತ್ತಿ ಇದನ್ನು ಮಾಡಬೇಕು. ಯಾಕಂದ್ರೆ ಡಿಸ್ಕಿನಲ್ಲಿ ಎಲ್ಲಿ ಜಾಗ ಖಾಲಿ ಇದೆ ಅನ್ನೋ ಲೆಕ್ಕವನ್ನು ಸಿಪಿ/ಎಂ ಮೆಮೊರಿಯಲ್ಲಿ ಇಟ್ಟುಕೊಂಡಿರುತ್ತದೆ. ಸುಮ್ನೆ ಡಿಸ್ಕ್ ಬದಲಿಸಿ ಫೈಲ್ ಬರೆಯಲು ಹೋದರೆ ಲೆಕ್ಕ ತಾಳೆಯಾಗುವುದಿಲ್ಲ. ಆಗ ಅದು ಆ ಡ್ರೈವನ್ನು ಓದಲು ಮಾತ್ರ ಅಂತ ಗುರುತು ಹಾಕಿ, 'ಬಿಡಾಸ್ ಎರರ್ ಆನ್ ಎ: ಆರ್/ಒ' ಅಂತ ಬೈದು ನಿಲ್ಲುತ್ತದೆ. ಬರೆಯಲು ಬಿಡದೇ ಇರುವುದು ಒಳ್ಳೆಯದೇ. ಬಿಟ್ಟಿದ್ದರೆ ಹೊಸ ಡಿಸ್ಕಿನ ಫೈಲುಗಳ ಮೇಲೇ ಬರೆದುಬಿಡುತ್ತಿತ್ತು.

ವಾರ್ಮ್ ಬೂಟ್‌ಗೆ ಇನ್ನೊಂದು ಕೆಲಸವೂ ಇದೆ. ನಾವು ಟೈಪ್ ಮಾಡಿದ ಆಜ್ಞೆಯನ್ನು ಓದುವ ಸಿಸಿಪಿ ಅನ್ನೋ ಭಾಗದ ಜಾಗವನ್ನು ದೊಡ್ಡ ಪ್ರೋಗ್ರಾಂಗಳು ತಮಗೇ ಬಳಸಿಕೊಳ್ಳಬಹುದು. ಪ್ರೋಗ್ರಾಂ ಮುಗಿದ ಮೇಲೆ ಸಿಸಿಪಿಯನ್ನು ಡಿಸ್ಕಿನ ಮೊದಲ ಎರಡು ಟ್ರ್ಯಾಕ್‌ಗಳಿಂದ ಮತ್ತೆ ತಂದುಕೊಳ್ಳಬೇಕಾಗುತ್ತದೆ. ಆ ಟ್ರ್ಯಾಕ್‌ಗಳನ್ನು ಬಿಟ್ಟುಕೊಡುವುದರಿಂದಲೇ ಸಿಸ್ಟಂ ಡಿಸ್ಕಿನ ಒಂದು ಬದಿಯಲ್ಲಿ ನಮಗೆ ಸಿಗುವುದು 169 ಕೆಬಿ, ಡೇಟಾ ಡಿಸ್ಕಿನಲ್ಲಾದರೆ 178.

ಈಗ ಪದಕ್ಕೆ ಬರೋಣ. 'ಮರುಚಾಲನೆ' ಅಂದರೆ ಇವತ್ತಿನ ಓದುಗರು ಮೆಷಿನ್ ಆಫ್ ಆಗಿ ಆನ್ ಆಗೋದು ಅಂತಲೇ ತಿಳಿಯುತ್ತಾರೆ. ಇಲ್ಲಿ ಹಾಗಾಗುವುದಿಲ್ಲ. ಪ್ರೋಗ್ರಾಂಗಳ ತಪ್ಪು ಹುಡುಕಿ ತಿದ್ದುವ ಡಿಡಿಟಿ ಅನ್ನೋ ಸಾಧನದಲ್ಲಿ ಒಂದು ಪ್ರೋಗ್ರಾಂ ಅನ್ನು ಮೆಮೊರಿಯಲ್ಲೇ ತಿದ್ದಿ, ಕಂಟ್ರೋಲ್-ಸಿ ಒತ್ತಿ ಹೊರಬಂದು, ಆಮೇಲೆ ಸೇವ್ ಆಜ್ಞೆ ಕೊಟ್ಟು ಅದನ್ನು ಫೈಲಾಗಿ ಉಳಿಸುವುದು ಸಿಪಿ/ಎಂನಲ್ಲಿ ರೂಢಿಯ ದಾರಿ. ಮೆಮೊರಿ ಅಳಿಸಿಹೋಗುವ ಹಾಗಿದ್ದರೆ ಉಳಿಸಲು ಏನಿರುತ್ತಿತ್ತು? 'ಮರುಚಾಲನೆ' ಅಂತ ಬರೆದರೆ, ಮಾಡಿದ ಕೆಲಸ ಹೋಗುತ್ತೆ ಅಂತ ಹೆದರಿ ಹೊಸಬರು ಆ ಕೀ ಮುಟ್ಟುವುದೇ ಇಲ್ಲ.

'ಬೆಚ್ಚನೆ ಬೂಟ್' ಅಂದರೆ ಮಡಿಕೇರಿ ಚಳಿಗೆ ಹಾಕೋ ಬೂಟು ಅನ್ಕೋತಾರೆ, ಅದು ಬೇಡ. 'ಡಿಸ್ಕ್ ಮತ್ತೆ ಓದಿಸು' ಅಂತ ಒಬ್ಬ ಗೆಳೆಯರು ಹೇಳಿದರು. ಡಿಸ್ಕ್ ಬದಲಿಸುವ ಸಂದರ್ಭಕ್ಕೆ ಚೆನ್ನಾಗಿದೆ, ಆದರೆ ಪ್ರೋಗ್ರಾಂ ಮುಗಿದಾಗ ತಾನಾಗೇ ಆಗುವುದಕ್ಕೆ ಹೊಂದುವುದಿಲ್ಲ. ನನ್ನ ಒಲವು ಸದ್ಯಕ್ಕೆ 'ಸಿಸ್ಟಂಗೆ ಮರಳು' ಅನ್ನೋದರ ಕಡೆಗಿದೆ. ಎರಡೂ ಕಡೆ ನಡೆಯುತ್ತದೆ, ಭಯವೂ ಹುಟ್ಟಿಸುವುದಿಲ್ಲ. ಆದರೆ ಕ್ರಿಯಾಪದವಾಗಿ ಬಳಸಿದಾಗ ಸ್ವಲ್ಪ ಉದ್ದ ಆಯ್ತು, ಅಲ್ವಾ? ಆ ಕಾಲದಲ್ಲಿ ಸಿಪಿ/ಎಂ ಮೆಷಿನ್‌ಗಳ ಮುಂದೆ ಕೂತವರು ಇಲ್ಲಿದ್ದರೆ, ನೀವು ಬಾಯಲ್ಲಿ ಏನಂತಿದ್ದಿರಿ ಅಂತ ತಿಳಿಸಿ. ಬರೀ 'ಕಂಟ್ರೋಲ್-ಸಿ ಹೊಡಿ' ಅಂತಿದ್ದರೂ ಪರವಾಗಿಲ್ಲ, ಅದೇ ಬಳಸುತ್ತೇನೆ.

ಹಾಗೇ ಇನ್ನೊಂದು: ಸಿಪಿ/ಎಂ ಒಂದು ಡ್ರೈವನ್ನು ಗುರುತಿಸಿ ಲೆಕ್ಕಕ್ಕೆ ತೆಗೆದುಕೊಳ್ಳುವುದಕ್ಕೆ 'ಲಾಗ್ ಇನ್' ಅನ್ನುತ್ತಾರೆ. ಹೆಸರು, ಪಾಸ್‌ವರ್ಡ್ ಏನೂ ಕೇಳುವುದಿಲ್ಲ. ಇದಕ್ಕೆ 'ಡ್ರೈವ್ ದಾಖಲಿಸು' ಅನ್ನಬಹುದಾ?