ಪದಚರ್ಚೆ: ‘ನಿರಾಶ್ರಿತ’ ಇದೆ, ಸರಿ. ಅರ್ಜಿ ಹಾಕಿ ಕಾಯುತ್ತಿರುವವರಿಗೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಇಂಗ್ಲೆಂಡಿನ ಸ್ಥಳೀಯ ಕೌನ್ಸಿಲ್‌ಗಳು ಬೇರೆ ದೇಶದಿಂದ ಜೀವ ಉಳಿಸಿಕೊಂಡು ಓಡಿ ಬಂದವರಿಗೆ ಏನೇನು ನೆರವು ಕೊಡುತ್ತವೆ ಅಂತ ಒಂದು ಲೇಖನ ಬರೆಯುತ್ತಿದ್ದೇನೆ, ನಮ್ಮ ಶಿರಸಿ, ಕಾರವಾರ ಕಡೆಯ ಓದುಗರಿಗಾಗಿ. ಮೊದಲ ಪ್ಯಾರಾದಲ್ಲೇ ಕೈ ನಿಂತಿದೆ. ಅಲ್ಲಿ ರೆಫ್ಯೂಜಿ ಬೇರೆ, ಅಸೈಲಮ್ ಸೀಕರ್ ಬೇರೆ. ನಮ್ಮ ಪತ್ರಿಕೆಗಳಲ್ಲಿ ಇಬ್ಬರೂ ‘ನಿರಾಶ್ರಿತರು’. ಇಲ್ಲವಾದರೆ ಇಬ್ಬರೂ ‘ವಲಸಿಗರು’. ಬೇರೆ ಲೇಖನದಲ್ಲಿ ಹೇಗೋ ನಡೆಯುತ್ತದೆ, ಇದರಲ್ಲಿ ನಡೆಯುವುದಿಲ್ಲ, ಯಾಕೆಂದರೆ ಯಾರ ಖರ್ಚು ಯಾರು ನೋಡಿಕೊಳ್ಳಬೇಕು ಅನ್ನುವುದೆಲ್ಲ ಈ ಒಂದು ವ್ಯತ್ಯಾಸದ ಮೇಲೇ ನಿಂತಿದೆ.

ಸ್ವಲ್ಪ ಬಿಡಿಸಿ ಹೇಳುತ್ತೇನೆ. ‘ನನ್ನ ದೇಶದಲ್ಲಿ ನನಗೆ ಉಳಿಗಾಲವಿಲ್ಲ, ಇಲ್ಲಿ ಇರಲು ಬಿಡಿ’ ಅಂತ ಅರ್ಜಿ ಕೊಟ್ಟು ಕಾಯುತ್ತಿರುವಷ್ಟು ಕಾಲ ಆತ ಅಸೈಲಮ್ ಸೀಕರ್. ಅವನಿಗೆ ಗತಿ ಇಲ್ಲದಿದ್ದರೆ ಊಟ ವಸತಿ ಕೊಡುವುದು ಕೌನ್ಸಿಲ್ ಅಲ್ಲ, ದೇಶದ ಗೃಹ ಇಲಾಖೆ, 1999ರ ಕಾಯ್ದೆಯ ಪ್ರಕಾರ. ಯಾವ ಊರಲ್ಲಿ ಇರಬೇಕು ಅಂತ ಹೇಳುವುದೂ ಅದೇ ಇಲಾಖೆ. ಅಡುಗೆ ಮಾಡಿಕೊಳ್ಳುವ ಜಾಗ ಕೊಟ್ಟಿದ್ದರೆ ತಲೆಗೆ ವಾರಕ್ಕೆ 49 ಪೌಂಡ್ 18 ಪೆನ್ಸ್ (ಇದು 2024ರ ದರ). ಸಾಮಾನ್ಯವಾಗಿ ದುಡಿಯಲು ಅನುಮತಿ ಇಲ್ಲ. ಅರ್ಜಿ ಒಪ್ಪಿಗೆಯಾದ ಮೇಲೆ ಆತ ರೆಫ್ಯೂಜಿ. ಕೆಲಸ ಮಾಡಬಹುದು, ಬಾಡಿಗೆಗೆ ಮನೆ ಹಿಡಿಯಬಹುದು, ಸರ್ಕಾರಿ ಸವಲತ್ತು ಕೇಳಬಹುದು. ಆದರೆ ಒಪ್ಪಿಗೆಯ ಕಾಗದದ ಹಿಂದೆಯೇ ಮನೆ ಬಿಡಿ ಅನ್ನುವ ಕಾಗದವೂ ಬರುತ್ತದೆ. ಅದಕ್ಕೆ ಗಡುವು 28 ದಿನ, 2024ರ ಡಿಸೆಂಬರ್‌ನಲ್ಲಿ 56 ದಿನದ ಪ್ರಯೋಗ ಶುರು ಮಾಡಿದರು. ಅಷ್ಟರೊಳಗೆ ಮುಂಗಡ ಹಣ ಹೊಂದಿಸಿ, ಬ್ಯಾಂಕ್ ಖಾತೆ ತೆರೆದು, ಮನೆ ಹುಡುಕುವುದು ಆಗುವ ಮಾತಾ? ಹಾಗಾಗಿ ತುಂಬ ಜನ ಆಗ ‘ಮನೆ ಇಲ್ಲದವರು’ ಅಂತ ಕೌನ್ಸಿಲ್ ಬಾಗಿಲಿಗೆ ಬರುತ್ತಾರೆ.

ಅಂದರೆ ಆಶ್ರಯ ಮಂಜೂರಾದ ಮೇಲೆ ಬೀದಿಗೆ ಬೀಳುವ ಭಯ. ಇದನ್ನು ಕನ್ನಡದಲ್ಲಿ ‘ನಿರಾಶ್ರಿತರಾದ ಮೇಲೆ ನಿರಾಶ್ರಿತರು ನಿರಾಶ್ರಿತರಾಗುತ್ತಾರೆ’ ಅಂತ ಬರೆಯಬೇಕಾಗುತ್ತದೆ. ಆಗಲ್ಲ ಅಲ್ವಾ?

ನಮ್ಮ ಜಿಲ್ಲೆಯಲ್ಲಂತೂ ಈ ಪದದ ಮೇಲೆ ಮೊದಲೇ ಭಾರ ಜಾಸ್ತಿ. ಮುಂಡಗೋಡದಲ್ಲಿ 1966ರಿಂದ ಇರುವ ಟಿಬೆಟನ್ನರು ಪತ್ರಿಕೆಯಲ್ಲಿ ನಿರಾಶ್ರಿತರು. ಪೇಟೆಯ ಮಾತಿನಲ್ಲಿ ಹಾಗನ್ನುವವರು ಕಡಿಮೆ, ‘ಕ್ಯಾಂಪಿನವರು’ ಅನ್ನುತ್ತಾರೆ. ಅಲ್ಲೇ ಹುಟ್ಟಿ, ಅಲ್ಲೇ ಗೋವಿನಜೋಳ ಬೆಳೆದು, ನಮಗಿಂತ ಚೆನ್ನಾಗಿ ಅಲ್ಲಿಯ ಕನ್ನಡ ಮಾತಾಡುವವರಿದ್ದಾರೆ. ನೌಕಾನೆಲೆಗೆ ಜಾಗ ಬಿಟ್ಟ ಕಾರವಾರ, ಅಂಕೋಲಾದ ಜನ ‘ಸೀಬರ್ಡ್ ನಿರಾಶ್ರಿತರು’. ಅವರು ಗಡಿ ದಾಟಿಲ್ಲ, ತಮ್ಮ ತಾಲ್ಲೂಕನ್ನೇ ದಾಟದವರೂ ಇದ್ದಾರೆ. ಅಣೆಕಟ್ಟಿನ ನೀರಲ್ಲಿ ಸೂಪಾ ಊರು ಮುಳುಗಿದಾಗ ರಾಮನಗರಕ್ಕೆ ಬಂದವರಿಗೂ ಅದೇ ಪದ. ಕಾಳಿ ನದಿಗೆ ನೆರೆ ಬಂದು ಕದ್ರಾದ ಜನ ಶಾಲೆಯಲ್ಲಿ ಮಲಗಿದಾಗಲೂ ಅದೇ ಪದ, ಈಚೆಗೆ ‘ಸಂತ್ರಸ್ತ’ ಬಂದಿದೆ. ಇಷ್ಟು ಜನರ ಸಾಲಿಗೆ ಇನ್ನೊಬ್ಬರನ್ನು ತಂದು ನಿಲ್ಲಿಸಿದರೆ ಕಾರವಾರದ ಓದುಗ ಮೊದಲು ಕೇಳುವುದು ‘ಪರಿಹಾರ ಎಷ್ಟು ಕೊಟ್ಟರು?’ ಅಂತ. ಆ ಪ್ರಶ್ನೆಗೆ ನಮ್ಮಲ್ಲಿ ಕಾರಣ ಇದೆ, ಆದರೆ ಸಿರಿಯಾದಿಂದ ಬಂದವನ ಕಥೆಗೆ ಅದು ಹೊಂದುವುದಿಲ್ಲ.

ಹಾಗಾದರೆ ಯಾವ ಪದ? ನಾನು ನೋಡಿದವು ಇಷ್ಟು.

‘ಶರಣಾರ್ಥಿ’ ಹಿಂದಿಯಲ್ಲಿ ಸಲೀಸು. ಕನ್ನಡದಲ್ಲಿ ‘ಶರಣು ಶರಣಾರ್ಥಿ’ ನಮಸ್ಕಾರ. ಬಳಸುವ ಹಾಗೇ ಇಲ್ಲ. ಮರಾಠಿಯ ‘ನಿರ್ವಾಸಿತ’ ಕಾರವಾರದಲ್ಲಿ ಅರ್ಥವಾಗುತ್ತದೆ, ಘಟ್ಟದ ಮೇಲೆ ಕಷ್ಟ. ‘ಆಶ್ರಿತ’ ಅಂದರೆ ಯಾರದೋ ಹಂಗಿನಲ್ಲಿ ಬದುಕುವವನು ಅನ್ನುವ ಛಾಯೆ, ರಾಜಾಶ್ರಿತ ಕವಿ ಅಂದ ಹಾಗೆ. ‘ಮರೆಹೊಕ್ಕವರು’ ನನಗೆ ತುಂಬ ಇಷ್ಟ. ಹಳಗನ್ನಡದಲ್ಲಿ ‘ಮರೆವೊಕ್ಕವರನ್ನು ಕಾಯುವುದು’ ದೊಡ್ಡ ಗುಣ, ಬಂದವನ ಮರ್ಯಾದೆಯೂ ಕಾದವನ ಮರ್ಯಾದೆಯೂ ಅದರೊಳಗಿದೆ. ಆದರೆ ಇವತ್ತು ನಗರಸಭೆಯ ನೋಟಿಸಿನಲ್ಲಿ ಹಾಕಿದರೆ ಯಾರಾದರೂ ಓದುತ್ತಾರಾ?

ನಾನು ಸದ್ಯಕ್ಕೆ ‘ಆಶ್ರಯ ಕೋರಿದವರು’ ಮತ್ತು ‘ಆಶ್ರಯ ಪಡೆದವರು’ ಅಂತ ಜೋಡಿ ಮಾಡಿಕೊಂಡಿದ್ದೇನೆ. ಒಂದು ಕಡೆ ಅರ್ಜಿ, ಒಂದು ಕಡೆ ಒಪ್ಪಿಗೆ. ತೊಡಕು ಅಂದರೆ ನಮ್ಮಲ್ಲಿ ‘ಆಶ್ರಯ’ ಅಂದ ಕೂಡಲೇ ಆಶ್ರಯ ಮನೆ ನೆನಪಾಗುತ್ತದೆ. ಪಂಚಾಯಿತಿ ಪಟ್ಟಿಯಲ್ಲಿ ಹೆಸರು ಬಂತಾ ಅಂತ ಕೇಳುವ ಮನೆ.

ಅರ್ಜಿ ಹಾಕಿ ಕಾಯುವ ಸ್ಥಿತಿ ನಮ್ಮವರಿಗೆ ಹೊಸದೇನಲ್ಲ, ಇದನ್ನು ಒತ್ತಿ ಹೇಳಬೇಕು. ಅರಣ್ಯ ಹಕ್ಕಿನ ಅರ್ಜಿ ಕೊಟ್ಟವರು ಶಿರಸಿ, ಸಿದ್ದಾಪುರದ ಊರೂರಲ್ಲಿ ಇದ್ದಾರೆ. 2006ರ ಕಾಯ್ದೆಯಲ್ಲಿ ಅರ್ಜಿಯ ಪರಿಶೀಲನೆ ಮುಗಿಯುವವರೆಗೆ ಒಕ್ಕಲೆಬ್ಬಿಸಬಾರದು ಅಂತಿದೆ. ಆದರೂ ಮೊದಲಿನಿಂದ ಬಂದ ಪದ ‘ಅತಿಕ್ರಮಣದಾರ’. ಅರ್ಜಿ ತೀರ್ಮಾನ ಆಗುವ ಮೊದಲೇ ಪದ ತೀರ್ಪು ಕೊಟ್ಟುಬಿಡುತ್ತದೆ. ಅವರು ‘ಅರಣ್ಯವಾಸಿ’ ಅಂತ ಕರೆಸಿಕೊಳ್ಳಲು ಹೋರಾಡಿದ್ದು ಸುಮ್ನೆ ಅಲ್ಲ. ಅಸೈಲಮ್ ಸೀಕರ್‌ಗಳನ್ನು ‘ಅಕ್ರಮ ವಲಸಿಗರು’ ಅಂತ ನಮ್ಮ ಪತ್ರಿಕೆಗಳು ಬರೆದಾಗ ಆಗುವುದೂ ಇದೇ. ಅರ್ಜಿ ವಿಚಾರಣೆಯಲ್ಲಿದೆ, ನಿರ್ಧಾರ ಇನ್ನೂ ಬಂದಿಲ್ಲ. ಈ ಪದವನ್ನಂತೂ ದಯವಿಟ್ಟು ಯಾರೂ ಸೂಚಿಸಬೇಡಿ.

ಇನ್ನು ಮಕ್ಕಳ ವಿಷಯ. ಅಪ್ಪ ಅಮ್ಮ ಜೊತೆಗಿಲ್ಲದೆ ಒಬ್ಬೊಬ್ಬರೇ ಬಂದ ಮಕ್ಕಳ ಹೊಣೆ ಮಾತ್ರ ಮೊದಲಿನಿಂದಲೂ ಕೌನ್ಸಿಲ್‌ನದೇ, 1989ರ ಮಕ್ಕಳ ಕಾಯ್ದೆಯಂತೆ. ಆ ಊರಿನ ಮಗುವಿಗೆ ದಿಕ್ಕಿಲ್ಲದಾಗ ಹೇಗೆ ನೋಡಿಕೊಳ್ಳುತ್ತಾರೋ ಹಾಗೆಯೇ, ಸಾಕುವ ಮನೆ, ಶಾಲೆ, ಮೇಲೆ ಒಬ್ಬ ಸಮಾಜ ಕಾರ್ಯಕರ್ತ. ಕೆಲವು ಅನುವಾದಗಳು ಇವರನ್ನು ‘ಅನಾಥ ಮಕ್ಕಳು’ ಅಂದಿವೆ. ದೊಡ್ಡ ತಪ್ಪು. ಅಮ್ಮ ಇನ್ನೂ ಊರಲ್ಲಿ ಬದುಕಿರಬಹುದು, ಮಗ ತಲುಪಿದ ಸುದ್ದಿಗೆ ಕಾಯುತ್ತಿರಬಹುದು. ‘ಒಂಟಿಯಾಗಿ ಬಂದ ಮಕ್ಕಳು’ ಅಂದರೆ ಸಾಕಾ? ಇನ್ನೂ ಒಳ್ಳೆಯದು ಇದೆಯಾ?

ಕೌನ್ಸಿಲ್ ಅನ್ನುವುದನ್ನು ಹಾಗೇ ಬಿಡುತ್ತಿದ್ದೇನೆ. ‘ನಗರಸಭೆ’ ಅಂದರೆ ನಮ್ಮವರಿಗೆ ನಲ್ಲಿ ನೀರು, ಕಸದ ಗಾಡಿ. ಮಕ್ಕಳನ್ನು ಸಾಕುವ, ವಯಸ್ಸಾದವರನ್ನು ನೋಡಿಕೊಳ್ಳುವ ಸಂಸ್ಥೆ ಅಂತ ಹೊಳೆಯುವುದೇ ಇಲ್ಲ. ಇದಕ್ಕೆ ಚರ್ಚೆ ಬೇಡ.

ಒಂದು ವಿಷಯದಲ್ಲಿ ನನಗೆ ಭರವಸೆ ಇದೆ. ಮೊದಲು ‘ಗಂಜಿ ಕೇಂದ್ರ’ ಅನ್ನುತ್ತಿದ್ದೆವು, ಈಗ ಅಧಿಕಾರಿಗಳಿಂದ ಹಿಡಿದು ನೆರೆಗೆ ಸಿಕ್ಕ ಅಜ್ಜಿಯವರೆಗೂ ‘ಕಾಳಜಿ ಕೇಂದ್ರ’ ಅನ್ನುತ್ತಾರೆ. ಕೆಲವೇ ಮಳೆಗಾಲದಲ್ಲಿ ಬದಲಾಯಿತು. ಆಡುಮಾತಿನದೇ ಪದ, ಹಾಗಾಗಿ ಜನ ಹಿಡಿದುಕೊಂಡರು.

ಹಾಗೆ ಬಾಯಿಗೆ ಬರುವ ಪದ ನನಗೆ ಬೇಕು. ಹವ್ಯಕರಲ್ಲಿ, ನಾಡವರಲ್ಲಿ, ಹಾಲಕ್ಕಿಗಳಲ್ಲಿ, ಕೊಂಕಣಿ ಮನೆಗಳಲ್ಲಿ, ಕಷ್ಟ ಬಂದು ‘ನಾಲ್ಕು ದಿನ ಇರಲು ಬಿಡಿ’ ಅಂತ ಬಾಗಿಲಿಗೆ ಬಂದವರನ್ನು ಏನಂತ ಕರೆಯುತ್ತಾರೆ? ನೆಂಟರಲ್ಲದವರನ್ನು. ಮನೆಯ ಹಿರಿಯರನ್ನು ಕೇಳಿ, ಅವರು ಹೇಳಿದ ಹಾಗೆಯೇ, ವಾಕ್ಯದ ಸಮೇತ ಬರೆದು ಕಳಿಸಿ.